ಕಾಕನ ಗಾಳಿಪೆಟ್ಟಿಗೆ

ಇವತ್ತು ಬೆಳಿಗ್ಗೆ ಎಂದಿನಂತೆ ಇವರ ಊಟದ ಡಬ್ಬಿ ಕಟ್ಟಿ ಕಳುಹಿಸಿ, ಬಾಲ್ಕನಿಯ ಗಾಜಿನ ಮೇಲೆ ಕೂತಿದ್ದ ಮರಳು ಧೂಳನ್ನು ಒರೆಸಿ, ಹಾಲ್‌ನಲ್ಲಿದ್ದ ಹೂದಾನಿ ತೊಳೆಯಲು ಕೈಗೆತ್ತಿಕೊಂಡೆ. ಬಟ್ಟೆಯ ಹೂಗಳನ್ನು ಎಳೆದಾಗ ತಳದಲ್ಲಿದ್ದ, ಮಕ್ಕಳು ಆಡುವಂಥ ಹಸಿರು ಕ್ಲೇ ಮುದ್ದೆಯೂ ಅವುಗಳ ಜೊತೆಗೇ ಬಂತು. ಹೂದಾನಿಯ ತಳದಲ್ಲಿ ಕ್ಲೇ ಒತ್ತಿ ಅದಕ್ಕೆ ದಂಟು ಚುಚ್ಚಿದರೆ ಹೂ ವಾಲುವುದಿಲ್ಲವೆಂದು ನನಗೆ ಕಲಿಸಿದವರು ಕಾನ್ವೆಂಟಿನ ಸಿಸ್ಟರ್. ಮುದ್ದೆಯನ್ನು ಮೂಗಿನ ಹತ್ತಿರ ಹಿಡಿದೆ. ಎಣ್ಣೆ, ಮೇಣ, ಹಳೆಯ ಕ್ರೇಯಾನ್ ಡಬ್ಬಿ... ಸಿಸ್ಟರ್ ನೆನಪಾಗಬೇಕಿತ್ತು. ನೆನಪಾದದ್ದು ಕಾಕ.

ನಾವು ಆಗ ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಹಳೆಯ ಕಟ್ಟಡವೊಂದರಲ್ಲಿದ್ದೆವು. ಎದುರು ಫ್ಲ್ಯಾಟಿನಲ್ಲಿ ನಮ್ಮ ಕರಾವಳಿಯದೇ ಬ್ಯಾರಿ ಕುಟುಂಬ: ಕಾಕ, ಅವರ ಹೆಂಡತಿ, ಹತ್ತನೇ ಕ್ಲಾಸಿನ ಮಗಳು. ನನಗಿಂತ ಎಷ್ಟೋ ದೊಡ್ಡವರಾದರೂ ಕಾಕ ನನ್ನನ್ನು ಕರೆಯುತ್ತಿದ್ದದ್ದು ಅಕ್ಕ ಎಂದೇ. ಮುಸಫ್ಫಾದ ಗ್ಯಾರೇಜೊಂದರಲ್ಲಿ ಅವರು ಕಾರಿನ ಎಂಜಿನ್ನಿನ ಸಿಲಿಂಡರ್ ಹೆಡ್ ತಿದ್ದುವ ಕೆಲಸ ಮಾಡುತ್ತಿದ್ದರು. ಹೆಡ್ ಎಂದರೆ ಎಂಜಿನ್ನಿನ ಮೇಲ್ಭಾಗ. ಒಳಕ್ಕೆ ಗಾಳಿ ಹೋಗುವ, ಹೊಗೆ ಹೊರಬೀಳುವ ದಾರಿಗಳು ಅದರಲ್ಲಿರುತ್ತವೆ. ಆ ದಾರಿಗಳನ್ನು ಸಣ್ಣ ಗ್ರೈಂಡರಿನಿಂದ ಕೊರೆದು ಅಗಲ ಮಾಡುವುದಕ್ಕೆ ಪೋರ್ಟಿಂಗ್ ಎನ್ನುತ್ತಾರೆ. ಹೆಚ್ಚು ಗಾಳಿ ಹೋದಷ್ಟೂ ಗಾಡಿಗೆ ಹೆಚ್ಚು ಕಸುವು. ಕೊರೆಯುವುದು ಸ್ವಲ್ಪ ಹೆಚ್ಚಾದರೆ ಗೋಡೆ ತೂತಾಗಿ, ಎಂಜಿನ್ ತಣಿಸಲು ಆಚೆ ಹರಿಯುವ ನೀರು ಒಳಗೆ ಬಂದು, ಕಾಕನ ಮಾತಿನಲ್ಲಿ ಹೇಳುವುದಾದರೆ, ಹೆಡ್ ಖಲಾಸ್. ಅದಕ್ಕೇ ಅವರು ಕಣ್ಣು ಮುಚ್ಚಿಕೊಂಡು ಕಿರುಬೆರಳನ್ನು ದಾರಿಯೊಳಗೆ ಆಡಿಸಿ ನೋಡುತ್ತಿದ್ದರು. ನಮ್ಮ ಮನೆಯಲ್ಲಿ ಚಹಾ ಕುಡಿಯುವಾಗಲೂ ಅವರ ಕಿರುಬೆರಳು ಕಪ್ಪಿನ ಅಂಚನ್ನು ಸವರುತ್ತಲೇ ಇರುತ್ತಿತ್ತು.

ಆ ವರ್ಷ ಗ್ಯಾರೇಜಿನ ಅರಬಾಬನಿಗೆ, ಅಂದರೆ ಮಾಲೀಕನಿಗೆ, ಕಂಪ್ಯೂಟರ್ ಹೇಳಿದಂತೆ ಕೊರೆಯುವ ಮೆಷಿನ್ ತರಿಸುವ ಆಸೆ ಹುಟ್ಟಿತು. ಮೆಷಿನ್ ಬಂದರೆ ಕಾಕನ ಕೈಗೆ ಕೆಲಸವಿಲ್ಲ. ವೀಸಾದ ಅವಧಿ ಬೇರೆ ಮುಗಿಯುತ್ತಾ ಬಂದಿತ್ತು. ಕೊನೆಗೆ ಅರಬಾಬ್ ಒಂದು ಮಾತು ಹೇಳಿದ. ಮರಳು ದಿಬ್ಬ ಹತ್ತಿಸುವ ತನ್ನ ಹಳೆಯ ಗಾಡಿಯ ಹೆಡ್ಡನ್ನು ಕಾಕ ಕೈಯಿಂದಲೇ ತಿದ್ದಲಿ, ಅದನ್ನು ದುಬೈಗೆ ಒಯ್ದು ಗಾಳಿಯ ಪರೀಕ್ಷೆ ಮಾಡಿಸೋಣ, ಮೊದಲಿಗಿಂತ ಗಾಳಿ ಹೆಚ್ಚಿದ್ದರೆ ವೀಸಾ ರಿನ್ಯೂ. ಇಲ್ಲವಾದರೆ ಕ್ಯಾನ್ಸಲ್. ಅಪ್ಪನ ವೀಸಾ ಹೋದರೆ ಮಗಳದ್ದೂ ಹೋಗುತ್ತದೆ, ಅವಳ ಪರೀಕ್ಷೆಗೆ ಇನ್ನು ಸ್ವಲ್ಪವೇ ಸಮಯವಿತ್ತು. ಕಾಕನ ಹೆಂಡತಿ ಇದನ್ನೆಲ್ಲ ನಮ್ಮ ಅಡುಗೆಮನೆಯಲ್ಲಿ ನಿಂತು, ನನ್ನ ಮುಖ ನೋಡದೆ, ಬೀನ್ಸಿನ ನಾರು ತೆಗೆಯುತ್ತಾ ಹೇಳಿದ್ದರು.

ದುಬೈಗೆ ಹೋಗುವ ಮೊದಲು ತಾವೇ ನೋಡಿಕೊಳ್ಳಬೇಕೆಂದು ಕಾಕ ಪ್ಲೈವುಡ್ಡಿನಲ್ಲಿ ಒಂದು ಪೆಟ್ಟಿಗೆ ಮಾಡಿದರು. ಮೇಲೆ ಹೆಡ್ ಇಟ್ಟು, ಕೆಳಗಿನಿಂದ ವ್ಯಾಕ್ಯೂಮ್ ಕ್ಲೀನರ್ ಹಚ್ಚಿ ಗಾಳಿ ಎಳೆಯುವುದು. ಪಕ್ಕದ ಪಾರದರ್ಶಕ ಕೊಳವೆಯಲ್ಲಿ ಬಣ್ಣದ ನೀರು ಎಷ್ಟು ಮೇಲೇರಿತೋ ಅಷ್ಟು ಗಾಳಿ ಹೋಯಿತೆಂದು ಲೆಕ್ಕ. ಅವರ ಒಂದೇ ವ್ಯಾಕ್ಯೂಮ್ ಸಾಲದೆಂದು ನಮ್ಮದನ್ನೂ ಕೇಳಲು ಬಂದರು.

"ಕೊಂಡುಹೋಗಿ ಕಾಕ, ಆದ್ರೆ ವಾಪಸ್ ತನ್ನಿ ಮಾರಾಯ್ರೆ," ಎಂದರು ನಮ್ಮವರು. "ಇವಳಿಗೆ ನನಗಿಂತ ಅದರ ಮೇಲೆ ಪ್ರೀತಿ ಜಾಸ್ತಿ."

"ಇರುವುದೇ ಅಲ್ವಾ? ಅದು ಹೇಳಿದ ಕೆಲಸ ಮಾಡ್ತದೆ," ಎಂದರು ಕಾಕ.

ಕೊರೆಯುವ ಮುಂಚಿನ ಮೊದಲ ಪರೀಕ್ಷೆ ನಡೆದದ್ದು ಒಂದು ಶುಕ್ರವಾರ, ಜುಮ್ಮಾ ನಮಾಜು ಮುಗಿದ ಮೇಲೆ. ಆಗೆಲ್ಲ ವಾರದ ರಜೆ ಶುಕ್ರವಾರವೇ. ಕಾಕ ಏನಾದರೂ ಮೆತ್ತಗಿನ ವಸ್ತು ಉಂಟಾ ಎಂದು ಕೇಳಿದ್ದಕ್ಕೆ ನಾನು ಹೂದಾನಿಯಿಂದ ಕ್ಲೇ ತೆಗೆದುಕೊಟ್ಟೆ. ಅದನ್ನು ಅವರು ಗಾಳಿದಾರಿಯ ಬಾಯಿಗೆ ಉಂಗುರದ ಹಾಗೆ ಮೆತ್ತಿ, ಅಂಚನ್ನು ಹೆಬ್ಬೆರಳಿನಿಂದ ದುಂಡಗೆ ನೇವರಿಸಿದರು. ಅಂಚು ಚೂಪಾಗಿದ್ದರೆ ಗಾಳಿ ಬಾಗಿಲಲ್ಲೇ ಎಡವುತ್ತದಂತೆ. ಕಾರಿನಲ್ಲಾದರೆ ಅಲ್ಲಿ ಬೇರೆ ಭಾಗ ಬಂದು ಕೂರುತ್ತದೆ, ಪೆಟ್ಟಿಗೆಯ ಮೇಲೆ ಅದಿಲ್ಲ. ನೀರು ಏರಿದಲ್ಲಿಗೆ ಸ್ಕೆಚ್ ಪೆನ್ನಿನಿಂದ ಗೆರೆ ಎಳೆದರು. ಕ್ಲೇಯನ್ನು ಉಂಡೆ ಮಾಡಿ ವಾಪಸ್ ಕೊಟ್ಟರು. ಅಲ್ಲಿಯವರೆಗೂ ನನ್ನ ಹೂಗಳು ಒಂದರ ಮೇಲೊಂದು ಒರಗಿಕೊಂಡಿದ್ದವು.

ಆಮೇಲೆ ಕೆಲವು ವಾರ ಕಾಕನ ಮುಖ ನೋಡಲು ಸಿಗುತ್ತಿರಲಿಲ್ಲ. ಸಿಕ್ಕಾಗ ಹುಬ್ಬಿನಲ್ಲಿ ಬೆಳ್ಳಗಿನ ಲೋಹದ ಪುಡಿ ಇರುತ್ತಿತ್ತು.

ಎರಡನೇ ಪರೀಕ್ಷೆಯೂ ಶುಕ್ರವಾರವೇ. ಮರುದಿನ ಅರಬಾಬ್ ಹೆಡ್ಡನ್ನು ದುಬೈಗೆ ಒಯ್ಯುವವನಿದ್ದ. ಕಾಕನ ಮನೆಯ ಹಾಲ್‌ನಲ್ಲಿ ನಾವೆಲ್ಲ ಕೂತಿದ್ದೆವು. ವ್ಯಾಕ್ಯೂಮ್‌ಗಳು ಒಟ್ಟಿಗೆ ಊಳಿಟ್ಟವು. ನೀರು ಏರಿತು, ಹಳೆಯ ಗೆರೆಯ ಹತ್ತಿರ ಬಂತು... ಗೆರೆಗಿಂತ ಕೆಳಗೇ ನಿಂತುಬಿಟ್ಟಿತು. ಕಾಕ ಕೊಳವೆಯನ್ನು ಬೆರಳಿನಿಂದ ತಟ್ಟಿದರು, ಸಂದುಗಳಿಗೆ ಟೇಪು ಸುತ್ತಿದರು, ಮತ್ತೆ ಹಚ್ಚಿದರು. ಅಲ್ಲೇ ನಿಂತಿತು. ಇಷ್ಟು ದಿನ ಕೊರೆದ ಮೇಲೆ ಗಾಳಿ ಕಡಿಮೆಯಾಗಿತ್ತು!

ಕಾಕ ಸ್ವಿಚ್ ಆರಿಸಿ, ಕನ್ನಡಕ ತೆಗೆದು, ಚಪ್ಪಲಿ ಸ್ಟ್ಯಾಂಡಿನ ಪಕ್ಕ ನೆಲದ ಮೇಲೆ ಕೂತರು. "ನಾನೇ ಹಾಳು ಮಾಡಿದೆ ಅಕ್ಕ. ಊರಿಗೆ ಹೊರಡುವುದೇ," ಎಂದರು. ಅವರ ಹೆಂಡತಿ ಒಳಗೆ ಹೋಗಿ ಗ್ಯಾಸ್ ಸಣ್ಣ ಮಾಡಿ ಬಂದರು. ಮಗಳ ಕೋಣೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದ ಸದ್ದು ನಿಂತಿತು.

ಯಾರ ಮುಖವನ್ನೂ ನೋಡಲಾಗದೆ ನಾನು ತೆರೆದ ಬಾಗಿಲಿನಿಂದ ನಮ್ಮ ಮನೆಯ ಕಡೆ ನೋಡಿದೆ. ಹೂದಾನಿಯಲ್ಲಿ ಹೂಗಳು ನೆಟ್ಟಗೆ ನಿಂತಿದ್ದವು. ಅವು ನೆಟ್ಟಗಿದ್ದವೆಂದರೆ...

"ಕಾಕ, ಆವತ್ತು ಬಾಯಿಗೆ ಕ್ಲೇ ಇಟ್ಟಿದ್ರಿ. ಇವತ್ತು ಇಡ್ಲಿಲ್ಲ ಅಲ್ವಾ?" ಎಂದೆ. ಹೇಳಿದ ಮೇಲೆ, ಇಷ್ಟು ಸಣ್ಣ ವಿಷಯವನ್ನು ಈಗ ಎತ್ತಬೇಕಿತ್ತೇ ಎಂದು ನಾಚಿಕೆಯಾಯಿತು.

ಕಾಕ ನನ್ನನ್ನೇ ನೋಡಿದರು. ಆಮೇಲೆ ಹೆಡ್ಡಿನ ಬಾಯಿಯನ್ನು ನೋಡಿದರು. ಜೀವನವಿಡೀ ಅದನ್ನೇ ಮಾಡಿಕೊಂಡು ಬಂದವರು, ವೀಸಾದ ಚಿಂತೆಯಲ್ಲಿ ಅದನ್ನೇ ಮರೆತಿದ್ದರು. ನಾನು ಓಡಿ ಹೋಗಿ ಹೂಗಳನ್ನು ಸೋಫಾದ ಮೇಲೆ ಎಸೆದು ಕ್ಲೇ ತಂದೆ. ಅದನ್ನು ಮೆತ್ತಿ ಅವರು ಅಂಚನ್ನು ಹೆಬ್ಬೆರಳಿನಿಂದ ಎರಡು ಸುತ್ತು ನೇವರಿಸಿದರು. ಮತ್ತೆ ಸ್ವಿಚ್ ಹಾಕಿದಾಗ ನೀರು ಹಳೆಯ ಗೆರೆ ದಾಟಿ ಮೇಲಕ್ಕೆ, ಇನ್ನೂ ಮೇಲಕ್ಕೆ ಹೋಯಿತು. ಕಾಕನ ಹೆಂಡತಿ ನನ್ನ ಭುಜದ ಮೇಲೆ ಹಣೆಯಿಟ್ಟರು, ಅವರ ಉಸಿರಿನ ಬಿಸಿ ದುಪಟ್ಟಾ ದಾಟಿ ತಾಗಿತು.

ಮರುದಿನ ಸಂಜೆ ಕಾಕ ನಮ್ಮ ವ್ಯಾಕ್ಯೂಮ್ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ಅದರ ಧೂಳಿನ ಚೀಲ ಖಾಲಿ ಮಾಡಿ, ಪೈಪು ತೊಳೆದು ಒರೆಸಿದ್ದರು. ದುಬೈಯ ಮೆಷಿನ್ ಏನು ಹೇಳಿತೆಂದು ನಾನು ಕೇಳುವ ಮೊದಲೇ, "ಮಗಳು ಪರೀಕ್ಷೆ ಇಲ್ಲೇ ಬರೀತಾಳೆ ಅಕ್ಕ," ಎಂದರು.

ಅವಳು ಬರೆದಳು. ಮುಂದೆ ಕಾಲೇಜಿಗೂ ಹೋದಳು. ಕಾಕ ಅದೇ ಗ್ಯಾರೇಜಿನಲ್ಲಿ ಎಷ್ಟೋ ವರ್ಷ ಇದ್ದರು. ಮೆಷಿನ್ ಬಂದ ಮೇಲೂ ಕೊನೆಯ ಸವರಾಟಕ್ಕೆ ಅವರೇ ಬೇಕಿತ್ತಂತೆ. ಒಂದು ದಿನ ಇನ್ನು ಸಾಕು ಎನ್ನಿಸಿ, ತಾವೇ ಹೋಗಿ ವೀಸಾ ಕ್ಯಾನ್ಸಲ್ ಮಾಡಿಸಿ, ಮನೆಮನೆಗೆ ಹೇಳಿ ಊರಿಗೆ ಹೊರಟರು. ಅಷ್ಟರಲ್ಲಿ ನಾವು ದುಬೈಗೆ ಬಂದು ಸಿಲಿಕಾನ್ ಓಯಸಿಸ್‌ನಲ್ಲಿ ಮನೆ ಹಿಡಿದಿದ್ದೆವು. ಬೀಳ್ಕೊಡಲು ಹೋಗಲಾಗಲಿಲ್ಲ, ಫೋನಿನಲ್ಲೇ ಮಾತಾಡಿದೆವು.

ಕಳೆದ ತಿಂಗಳು ಹಳೆಯ ಕಟ್ಟಡದವರ ವಾಟ್ಸ್ಆ್ಯಪ್ ಗುಂಪಿನಲ್ಲಿ ಸುದ್ದಿ ಬಂತು. ಕಾಕ ಊರಿನ ಮನೆಯಲ್ಲಿ, ನಿದ್ದೆಯಲ್ಲೇ ತೀರಿಕೊಂಡಿದ್ದರು. ಆಗ ನಾನು ಸೂಪರ್ ಮಾರ್ಕೆಟ್ಟಿನ ಸಾಲಿನಲ್ಲಿ ನಿಂತಿದ್ದೆ. ಎಲ್ಲರಂತೆ ಎರಡು ಸಾಲು ಟೈಪ್ ಮಾಡಿ ಬುಟ್ಟಿ ಮುಂದೆ ತಳ್ಳಿದ್ದೆ. ಅಳು ಬಂದದ್ದು ಇವತ್ತು, ತೊಳೆಯದ ಹೂದಾನಿಯ ಎದುರು. ಅಳುತ್ತಲೇ ಮನಸ್ಸು ಹಗುರಾಯಿತು, ಅದೇಕೆಂದು ಆಗ ಗೊತ್ತಾಗಲಿಲ್ಲ.

ಸಂಜೆ ಲಿಫ್ಟಿನ ಹತ್ತಿರ ಪಕ್ಕದ ಮನೆಯ ಹುಡುಗಿ ಸಿಕ್ಕಳು. ಮೈಸೂರಿನವಳು, ಮದುವೆಯಾಗಿ ಹೊಸದಾಗಿ ಬಂದವಳು. ನನ್ನ ಕಣ್ಣು ನೋಡಿ ಏನಾಯಿತೆಂದು ಕೇಳಿದಳು. ಕಾಕನ ವಿಷಯ, ಅವರ ವೀಸಾದ ವಿಷಯ ಎಲ್ಲ ಸ್ವಲ್ಪದರಲ್ಲಿ ಹೇಳಿದೆ. ಅವಳು ಕೈಯಲ್ಲಿದ್ದ ಕಸದ ಚೀಲದ ಗಂಟನ್ನು ಬಿಗಿ ಮಾಡುತ್ತಾ ಕೇಳಿಸಿಕೊಂಡಳು.

"ಊರಿಗೆ ಹೊರಡೋ ದಿನ ಯಾವ್ದು ಅಂತ ಅವ್ರೇ ತೀರ್ಮಾನ ಮಾಡ್ಕೊಂಡ್ರಲ್ಲ ಆಂಟಿ, ಇಲ್ಲಿ ಅದು ಎಷ್ಟು ಜನಕ್ಕೆ ಸಿಗುತ್ತೆ?" ಎಂದು ಲಿಫ್ಟಿನ ಗುಂಡಿ ಒತ್ತಿದಳು.