ಅಳತೆ ತಪ್ಪಿದ ಅಂಗಿ

"ಅಜ್ಜಿ, ನೀ ಬಿಳಿ ನೂಲು ಯಾಕೆ ಮಗ್ಗಕ್ಕೆ ಏರ್ಸಲ್ಲ?" ಎಂದು ಕೇಳಿದ್ದಿರಿ. ಬಾಯಲ್ಲಿ ಹೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ತಮಿಳುನಾಡಿನ ನೆಗಮಂನಲ್ಲಿ ಕನ್ನಡ ಮಾತಾಡುವ ನೇಕಾರರಾದ ನಮ್ಮ ಮನೆಗೆ ಆಂಗ್ಲಿಕನ್ ಚರ್ಚಿನ ಬಿಷಪ್ಪರು ಬರುತ್ತಿದ್ದರು. ನಿಮ್ಮ ತಾತನಿಗೆ ಹಳೆಯ ಪರಿಚಯ. ಒಮ್ಮೆ ತಮಿಳಿನಲ್ಲಿ, ಒಂದು ಅಂಗಿಗೆ ಆಗುವಷ್ಟು ಬಿಳಿ ಬಟ್ಟೆ ಬೇಕೆಂದರು. ತಾತ ಎರಡೂವರೆ ಗಜ ನೆಯ್ದರು. ನಮ್ಮ ಕನ್ನಡದಲ್ಲಿ ಅಂಗಿ ಎಂದರೆ ಷರಟು ತಾನೆ? ತಮಿಳಿನಲ್ಲಿ ಅದು ಪಾದ್ರಿಗಳು ತೊಡುವ, ಪಾದ ಮುಟ್ಟುವ ನಿಲುವಂಗಿ.

ಬಿಷಪ್ಪರು ಬಟ್ಟೆಯನ್ನು ಎರಡು ಮಡಿಕೆ ಮಾಡಿ ಹೆಗಲಿಗೆ ಹಿಡಿದು ನೋಡಿದರು. "ಏನು ತಂಬಿ, ಮೊಣಕಾಲಿಗೇ ನಿಂತುಬಿಡ್ತು. ನನ್ನನ್ನ ಕುಗ್ಗಿಸಬೇಕು ಅನ್ನೋರ ಜೊತೆ ನೀನೂ ಸೇರ್ಕೊಂಡ್ಯಾ?"

"ತಪ್ಪಾಯ್ತು ಅಯ್ಯಾ, ಬೇರೆ ನೆಯ್ದು ಕೊಡ್ತೀನಿ."

"ಬೇಡ, ಇದು ಷರಟಾಗ್ಲಿ. ಉದ್ದದ್ದು ನಾನು ಸತ್ತಾಗ ತೊಡಿಸೋಕೆ ಇರ್ಲಿ. ಇವನು ಮರೆತರೆ ನೀವು ನೆಯ್ದು ಕೊಡಿ ಅಮ್ಮಾ." ಬಾಗಿಲ ಹಿಂದಿದ್ದ ನಾನು ತಲೆಯಾಡಿಸಿದೆ.

ಅವರ ಚರ್ಚಿನ ಸ್ಮಶಾನದಲ್ಲಿ ಜಾತಿಗಳ ನಡುವೆ ಗೋಡೆಯೊಂದಿತ್ತು. ಅದನ್ನು ಅವರು ಒಡೆಸಿದರು. ಎದುರಾಡಿದ ಪಾದ್ರಿಗಳನ್ನು ದೂರದೂರಕ್ಕೆ ವರ್ಗ ಮಾಡಿದರು. ಗೋಡೆ ಬೇಕೆಂದು ಪಟ್ಟು ಹಿಡಿದ ಒಂದು ಊರಿನ ಚರ್ಚಿಗಂತೂ ಬೀಗವನ್ನೇ ಹಾಕಿಸಿದರು. ಭಾನುವಾರ ಆ ಮೆಟ್ಟಿಲ ಮೇಲೆ ಒಬ್ಬ ಮುದುಕಿ ಕುಳಿತು ಪ್ರಾರ್ಥಿಸುವುದನ್ನು ಬಸ್ಸಿನಿಂದ ಕಂಡಿದ್ದೇನೆ. ಅವರನ್ನು ದೇವರಂಥವರು ಎಂದವರೂ ಇದ್ದರು, ಹಠಮಾರಿ ಎಂದವರೂ ಇದ್ದರು. ನನಗೆ ಎರಡೂ ನಿಜವೆನಿಸುತ್ತಿತ್ತು.

ತಾತ ಮೊದಲು ತೀರಿಹೋದರು. ಬಿಷಪ್ಪರು ಅದೇ ಷರಟು ತೊಟ್ಟು ಬಂದು, ಮಗ್ಗದ ಪಕ್ಕ ಬಹಳ ಹೊತ್ತು ಕುಳಿತಿದ್ದರು.

ಮರುವರ್ಷ ಅವರು ಹಾಸಿಗೆ ಹಿಡಿದರು. ಅವರ ಡ್ರೈವರ್ ಬಂದು, "ಅಯ್ಯಾ ಆ ಉದ್ದದ ಬಟ್ಟೆ ಕೇಳ್ತಿದಾರೆ ಅಮ್ಮಾ" ಎಂದ. ನಾನು ನೆಯ್ದ ಸೀರೆ ಕೊಳ್ಳುತ್ತಿದ್ದ ಒಬ್ಬರೇ ವ್ಯಾಪಾರಿ ಆಗ ಜಗುಲಿಯಲ್ಲೇ ಕುಳಿತಿದ್ದರು. ಗೋಡೆ ಒಡೆದದ್ದಕ್ಕೆ ಬಿಷಪ್ಪರ ಮೇಲೆ ಹಗೆ ಸಾಧಿಸುತ್ತಿದ್ದ ಚರ್ಚಿನವರಲ್ಲಿ ಇವರೂ ಒಬ್ಬರು.

"ಓಹೋ, ಇಲ್ಲಿಗೂ ಅವರ ಆರ್ಡರ್ ಬರುತ್ತಾ?" ಎಂದು ನಕ್ಕರು.

"ಮಗ್ಗದಲ್ಲಿ ಸೀರೆ ಐತೆ. ಈಗ ಆಗಲ್ಲ" ಎಂದೆ ನಾನು.

ಒಳಗೆ ಮಗ್ಗ ಬರಿದಾಗಿತ್ತು. ಡ್ರೈವರ್ ಬಾಗಿಲಿನಿಂದ ಅದನ್ನು ನೋಡಿದ. ಕಾರು ತಿರುಗಿಸಿಕೊಂಡು ಹೋದ.

ಎಂಟು ದಿನಕ್ಕೆ ಬಿಷಪ್ಪರು ತೀರಿಕೊಂಡರು. ನಾನು ಹೋಗಿ ಕೊನೆಯ ದರ್ಶನದ ಸಾಲಿನಲ್ಲಿ ನಿಂತೆ. ಅಂಗಡಿಯಿಂದ ತಂದ ಮಿರುಗುವ ನಿಲುವಂಗಿ ತೊಡಿಸಿದ್ದರು. ಕೊರಳ ಹತ್ತಿರ ಅದರೊಳಗಿಂದ, ಸವೆದ ಬಿಳಿ ಕಾಲರೊಂದು ಇಣುಕುತ್ತಿತ್ತು. ತಾತನ ನೇಯ್ಗೆ ನನಗೆ ಗುರುತು ಸಿಗದೇ ಇರುತ್ತದೆಯೇ? ಮುಂದೆ ಹೋಗಿ ಕೈ ಮುಗಿಯಲಿಲ್ಲ. ಸಾಲು ಬಿಟ್ಟು ಬಂದೆ.

ಆ ಬಳಿಕ ಬಿಳಿ ನೂಲನ್ನು ನಾನು ಮಗ್ಗಕ್ಕೆ ಏರಿಸಿಲ್ಲ.