ಗದ್ದದ ಮೂರು ಚುಕ್ಕಿ

ಗೋಕಾಕದ ಬಜಾರಿನಲ್ಲಿ ಫೋನು ಮಾರುತ್ತಿದ್ದ ಕಾಕಾ, ಕ್ಯಾಮೆರಾ ಹೆಂಗೈತಿ ಅಂತ ಯಾರು ಕೇಳಿದರೂ ಒಂದೇ ಮಾತು ಹೇಳುತ್ತಿದ್ದರು: “ಇದ್ದದ್ದು ಇದ್ದಂಗ ಬರಬೇಕ್ರಿ.”

ಒಮ್ಮೆ ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಕಾಕಾ ಕನ್ನಡಕ ಹಣೆಗೇರಿಸಿ, ಎರಡು ಫೋನಿನಲ್ಲಿ ಅವಳ ಫೋಟೋ ತೆಗೆದರು. ತುಟ್ಟಿ ಫೋನಿನಲ್ಲಿ ಅವ್ವನ ಮುಖ ನುಣ್ಣಗೆ ಹೊಳೆಯುತ್ತಿತ್ತು. ನನಗೆ ಅದೇ ಹಿಡಿಸಿತು.

ಕಾಕಾ ಫೋಟೋದ ಗದ್ದದ ಮೇಲೆ ಬೆರಳಿಟ್ಟು, “ಅಕ್ಕಾರ, ನಿಮ್ಮ ಹಚ್ಚಿ ಎಲ್ಲಿ ಹೋತ್ರಿ?” ಎಂದರು.

ಮೂರು ಹಸಿರು ಚುಕ್ಕಿಗಳನ್ನು ಫೋನು ಕಲೆಯೆಂದು ತಿಳಿದು ಅಳಿಸಿಬಿಟ್ಟಿತ್ತು.

ಅವ್ವ ಗದ್ದ ಮುಟ್ಟಿ ನೋಡಿಕೊಂಡಳು. “ನಮ್ಮವ್ವ ತೊಡಿ ಮ್ಯಾಲ ಕುಂಡರ್ಸಿಕೊಂಡು ಹಾಕಿಸಿದ್ದು” ಎಂದವಳೇ ಇನ್ನೊಂದು ಫೋನು ಎತ್ತಿಕೊಂಡಳು.

ಅದರಲ್ಲಿ ತೆಗೆದ ಫೋಟೋ ಈಗ ಗೋಡೆಯ ಮೇಲಿದೆ. ಊದಿನಕಡ್ಡಿ ಹಚ್ಚುವಾಗ ಮೊದಲು ಗದ್ದ ನೋಡುತ್ತೇನೆ. ಮೂರೂ ಅದಾವ, ಕಾಕಾ.