ಹೂವಿನ ಸೈಕಲ್ಲಿಗೆ ಚಪ್ಪಲಿ

ನನ್ನ ಕಾಲಿನ ಹೆಬ್ಬೆರಳ ಉಗುರು ಹೋದದ್ದು ಮಳೆಯಿಂದಲ್ಲ, ಅಪ್ಪನ ಮಡಿಯಿಂದ. ಮನೆಯವರೆಲ್ಲ ಇವತ್ತಿಗೂ ಮಳೆ ಅಂತಲೇ ಹೇಳುತ್ತಾರೆ. ಹೇಳಲಿ.

ಆಗ ನಾವು ಚಾಮರಾಜಪೇಟೆಯ ಒಂದು ವಠಾರದಲ್ಲಿದ್ದೆವು. ಬೆಂಗಳೂರಿನ ಚಳಿ ಅಂದರೆ ಅವತ್ತಿನದು; ಶ್ರಾವಣದ ಜಿಟಿಜಿಟಿ ಶುರುವಾದರೆ ಗೋಡೆಯೂ ಒದ್ದೆ, ಕಂಬಳಿಯೂ ಒದ್ದೆ. ಅಮ್ಮ ಹೂ ಕಟ್ಟುತ್ತಿದ್ದಳು. ಬೆಳಗಾಗುತ್ತಲೇ ಬುಟ್ಟಿಯನ್ನು ಅಪ್ಪನ ಸೈಕಲ್ಲಿನ ಕ್ಯಾರಿಯರಿಗೆ ಬಿಗಿದುಕೊಂಡು ಬಸವನಗುಡಿಯ ಮನೆಗಳಿಗೆ ಹಾಕಿ ಬರುವುದು ನನ್ನ ಕೆಲಸ. ಸೀಟು ಎಟುಕದೆ ಕಂಬಿಯೊಳಗೆ ಕಾಲು ತೂರಿಸಿ ಒಳಪೆಡಲ್ ತುಳಿಯುತ್ತಿದ್ದೆ. ದೇವರ ಹೂ ಹಿಂದೆ ಇರುವಾಗ ಕಾಲಿಗೆ ಏನೂ ಮೆಟ್ಟಬಾರದು, ಇದು ಅಪ್ಪನ ಕಟ್ಟಪ್ಪಣೆ. ಪೆಡಲಿನ ರಬ್ಬರು ಸವೆದು ಕಬ್ಬಿಣ ಮಾತ್ರ ಉಳಿದಿತ್ತು. ಚಳಿಗೆ ಪಾದ ಜೋಮು ಹಿಡಿದರೆ ಅದು ಪೆಡಲಿನ ಮೇಲೆ ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ.

ಒಂದು ಶುಕ್ರವಾರ ಪಾದ ಜಾರಿ ಚೈನಿಗೆ ಸಿಕ್ಕಿತು. ಉಗುರು ಬುಡಸಮೇತ ಕಿತ್ತು ಬಂತು. ಹೂವೆಲ್ಲ ಮೋರಿಗೆ ಬಿತ್ತು. ಕುಂಟುತ್ತ ಸೈಕಲ್ ತಳ್ಳಿಕೊಂಡು ಮನೆಗೆ ಬಂದರೆ ಅಪ್ಪ ನೋಡಿದ್ದು ಖಾಲಿ ಬುಟ್ಟಿ. ಮೊಳೆಗೆ ನೇತುಹಾಕಿದ್ದ ಹಳೇ ಸೈಕಲ್ ಟ್ಯೂಬು ಎಳೆದುಕೊಂಡು ಬೆನ್ನು ತೊಡೆ ಅಂತ ನೋಡದೆ ಬಾರಿಸಿದ. ಒದ್ದೆ ಲಂಗದ ಮೇಲೆ ರಬ್ಬರಿನ ಏಟು ಹೇಗಿರುತ್ತದೆ ಅಂತ ತಿಂದವರಿಗೇ ಗೊತ್ತು. ಅಡ್ಡ ಬಂದ ಅಮ್ಮನಿಗೂ ಬಿತ್ತು. ಅವಳು ಟ್ಯೂಬು ಕಿತ್ತುಕೊಂಡು ಅವನ ಮುಖಕ್ಕೇ ಬೀಸಿದಳು. ತುಟಿ ಒಡೆಯಿತು. "ನಾಳೆಯಿಂದ ಇವ್ಳು ಚಪ್ಪಲಿ ಹಾಕ್ಕೊಂಡೇ ಹೋಗೋದು" ಅಂದಳು.

"ಮೆಟ್ಟು ಹಾಕ್ಕೊಂಡ್ ತಂದ ಹೂವ ಯಾರೇ ತಗೋತಾರೆ?" ಅಂದ ಅಪ್ಪ, ರಕ್ತ ಒರೆಸಿಕೊಳ್ಳುತ್ತ.

"ಮಗು ರಕ್ತ ಮೈಲಿಗೆ ಆಗ್ಲಿಲ್ವಾ ನಿಮ್ ದೇವ್ರಿಗೆ? ಚಪ್ಪಲಿ ಒಂದೇ ಆಗೋದಾ?" ಅಂದಳು ಅಮ್ಮ.

ಸಂಜೆ ನನ್ನನ್ನು ಮಾಮೂಲ್‌ಪೇಟೆಯ ಚಪ್ಪಲಿ ಅಂಗಡಿಗೆ ಎಳೆದುಕೊಂಡು ಹೋದಳು. ಹವಾಯಿ ಬೇಡ ಅಂದಳು, ಒದ್ದೆಯಾದರೆ ಜಾರುತ್ತದೆ. ಕ್ಯಾನ್ವಾಸು ಶೂ ನೀರು ಕುಡಿದು ದಿನವಿಡೀ ಕಾಲು ಕೊರೆಯುತ್ತದೆ. ತೊಗಲಿನದು ನೆನೆದರೆ ಒಣಗುವುದಿಲ್ಲ. ಹಿಂದೆ ಬಕಲ್ ಇರುವ, ತೂತು ತೂತಿನ ಪ್ಲಾಸ್ಟಿಕ್ ಸ್ಯಾಂಡಲ್ ಆರಿಸಿದಳು. ಬಟ್ಟೆ ಸುತ್ತಿದ ಬೆರಳು ಹಿಡಿಸಲಿ ಅಂತ ಒಂದು ಸೈಜು ದೊಡ್ಡದು.

ಈಗ ಮೊಮ್ಮಗಳ ಹತ್ತಿರ ಮಳೆಗೇ ಅಂತ ಬೇರೆ ಶೂ ಇದೆ. ಇರಲಿ, ಒಳ್ಳೆಯದೇ. ನನ್ನ ಉಗುರು ಮತ್ತೆ ಬೆಳೆಯಲಿಲ್ಲ. ಅಪ್ಪ ಮತ್ತೆಂದೂ ಕೈ ಎತ್ತಲಿಲ್ಲ. ನನ್ನನ್ನು ಪುಟ್ಟೀ ಅಂತ ಕರೆಯುವುದನ್ನೂ ಬಿಟ್ಟ. ಹಾಗೆ ಕರೆಯುವವರು ಆಮೇಲೆ ಯಾರೂ ಸಿಗಲಿಲ್ಲ.

ಸ್ಯಾಂಡಲ್ ತಂದ ಮಾರನೆಯ ಬೆಳಿಗ್ಗೆ ಬೆರಳಿಗೆ ಅರಿಶಿನದ ಬಟ್ಟೆ ಸುತ್ತಿ, ಬಕಲ್ ಬಿಗಿದು, ಅಪ್ಪನ ಎದುರಿಗೇ ಸೈಕಲ್ ಹೊರಗೆ ತೆಗೆದೆ. ಮೊದಲನೆಯ ಮನೆಯ ಯಜಮಾನಿ ಬಾಗಿಲಲ್ಲಿ ನಿಂತು ನನ್ನ ಕಾಲನ್ನೇ ನೋಡಿದರು. ನಾನು ಬಿಚ್ಚಲಿಲ್ಲ.

"ಹೂ ಬೇಕಾ ಅಮ್ಮಾವ್ರೇ, ಪಕ್ಕದ್ಮನೆಗೆ ಕೊಡ್ಲಾ?"

ಅವರು ಒಳಗಿಂದ ತಟ್ಟೆ ತಂದರು. ಮೊಳ ಹಾಕಿ ಕೊಟ್ಟೆ.